ಬಾಲ ಮೇಲಿದ್ದರೆ ಆರು

ಮೇ ೯, ಭಾನುವಾರ

ಈ ಪಾಚಿಗೆ ನಾಚಿಕೆ ಅನ್ನುವುದೇ ಇಲ್ಲ! ಶುಕ್ರವಾರವಷ್ಟೇ ಮೀನಿನ ತೊಟ್ಟಿಯ ನಾಲ್ಕೂ ಗಾಜನ್ನು ಉಜ್ಜಿ ಉಜ್ಜಿ ಫಳಫಳ ಮಾಡಿದ್ದೆ. ಇವತ್ತು ನೋಡಿದರೆ ಮತ್ತೆ ಹಸಿರು ಪೊರೆ. ಹಲ್ಲಿನ ಡಾಕ್ಟರ ಹತ್ತಿರ ನಾಲ್ಕು ವರ್ಷದಿಂದ ಸಹಾಯಕಿಯಾಗಿರುವವಳು ನಾನು, ಎಂಥೆಂಥ ಕಿಟ್ಟ ಕಂಡಿಲ್ಲ! ಅದಾದರೂ ಒಮ್ಮೆ ಕೆರೆದರೆ ಒಂದಷ್ಟು ತಿಂಗಳು ಮರ್ಯಾದೆಯಿಂದ ಇರುತ್ತದೆ. ಇದು ಎರಡೇ ದಿನಕ್ಕೆ ಹಾಜರ್.

ಅದಕ್ಕೇ ಈ ದಿನಚರಿ. ಕೋಪ ಬಂದಾಗ ಕೂಗಾಡುವ ಬದಲು ಬರೆದುಬಿಡು ಎಂದು ಅಕ್ಕ ಹೇಳಿದ್ದಾಳೆ. ಮದುವೆಯಾಗಿ ಎರಡೇ ತಿಂಗಳು, ಈಗಲೇ ಕೂಗಾಡಿದರೆ ಚೆನ್ನಾಗಿರುವುದಿಲ್ಲವಂತೆ. ಸರಿ, ಬರೆಯುತ್ತೇನೆ. ಕನ್ನಡದಲ್ಲೇ. ಓದಿದ್ದೆಲ್ಲ ಇಂಗ್ಲಿಷಿನಲ್ಲೇ ಆದರೂ ಇಂಗ್ಲಿಷಿನಲ್ಲಿ ಬೈದರೆ ನನಗೆ ಬೈದ ಹಾಗೇ ಆಗುವುದಿಲ್ಲ.

ತೊಟ್ಟಿ ಮಾವನವರದು. ಮಂಚದಷ್ಟು ಉದ್ದ. ಒಳಗೆ ಹನ್ನೊಂದು ವರ್ಷದ ಒಂದು ದೊಡ್ಡೆಲೆಯ ಗಿಡ, ಎಂಟು ಪುಟಾಣಿ ಪಟ್ಟೆಮೀನು, ಮತ್ತು ಮುದುಕಿ. ಮುದುಕಿ ಅಂದರೆ ಅಂಗೈಯಗಲದ ಬೂದುಬಣ್ಣದ ಮೀನು. ಒಂದು ರೆಕ್ಕೆ ಹರಿದಿದೆ, ಮುಖದಲ್ಲಿ ಸದಾ ಅಸಮಾಧಾನ. ಎಷ್ಟು ಮುದ್ದು! ಕಳೆದ ತಿಂಗಳು ಮಾವ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಈಗ ನಡೆಯುವುದನ್ನು ಮತ್ತೆ ಕಲಿಸುವ ಕೇಂದ್ರದಲ್ಲಿದ್ದಾರೆ. ಹೋಗುವ ಮುಂಚೆ ನನ್ನನ್ನು ಹತ್ತಿರ ಕರೆದು ಒಂದು ಹಳೇ ನೋಟ್‌ಪುಸ್ತಕ ಕೈಗಿಟ್ಟರು. "ಮುದುಕಿನ ಉಳಿಸ್ಕೊಡಮ್ಮ. ಇದರಲ್ಲಿ ಎಲ್ಲಾ ಇದೆ. ಒಂದಕ್ಷರ ಆಚೀಚೆ ಮಾಡ್ಬೇಡ" ಅಂದರು. ನನಗೆ! ಮಗನಿಗಲ್ಲ, ಹೆಂಡತಿಗಲ್ಲ, ಒಂದೂವರೆ ತಿಂಗಳ ಸೊಸೆಗೆ! ಅವತ್ತು ನಾನು ನೆಲದ ಮೇಲೇ ನಡೆಯಲಿಲ್ಲ.

ಮಾವ ಜೀವನವಿಡೀ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವರು. ಅಂಕಿಯೆಲ್ಲ ಕನ್ನಡದಲ್ಲೇ ಬರೆಯುತ್ತಾರೆ. ನಮ್ಮ ಶಾಲೆಯಲ್ಲಿ ಕನ್ನಡ ಅಂಕಿ ಕಲಿಸಿದ್ದು ಒಂದೇ ಒಂದು ದಿನ, ಆದರೂ ನನಗೆ ನೆನಪಿದೆ. ಗೊಂದಲ ಬರುವುದು ಎರಡರಲ್ಲಿ ಮಾತ್ರ, ೬ ಮತ್ತು ೯. ಅದಕ್ಕೆ ನಾನೇ ಒಂದು ಉಪಾಯ ಮಾಡಿಕೊಂಡಿದ್ದೇನೆ. ಇಂಗ್ಲಿಷಿನ ಆರಕ್ಕೆ ಬಾಲ ಮೇಲೆ, ಒಂಬತ್ತಕ್ಕೆ ಕೆಳಗೆ. ಇಲ್ಲೂ ಅಷ್ಟೇ. ಬಾಲ ಮೇಲಿದ್ದರೆ ಆರು, ಕೆಳಗಿದ್ದರೆ ಒಂಬತ್ತು. ಎಷ್ಟು ಸುಲಭ! ಅಭ್ಯಾಸವಾಗಲಿ ಎಂದು ಇಲ್ಲಿ ತಾರೀಖನ್ನೂ ಹಾಗೇ ಹಾಕುತ್ತಿದ್ದೇನೆ.

ಪುಸ್ತಕದ ಪ್ರಕಾರ ದೀಪ ದಿನಕ್ಕೆ ಒಂಬತ್ತು ಗಂಟೆ. ಊಟ ಒಂಬತ್ತು ಕಾಳು. ಕಾಲುಭಾಗ ನೀರು ಬದಲಾಯಿಸುವುದು ಒಂಬತ್ತು ದಿನಕ್ಕೊಮ್ಮೆ. ಎಲ್ಲಾ ಒಂಬತ್ತು! ಮಾವನಿಗೆ ಆ ಅಂಕಿಯ ಮೇಲೆ ಏನೋ ಪ್ರೀತಿ ಇರಬೇಕು. ನಾನು ಒಂದು ಕಾಳೂ ಆಚೀಚೆ ಮಾಡಿಲ್ಲ. ಮತ್ತೆ ಈ ಪಾಚಿ ಎಲ್ಲಿಂದ ಬಂತು?

ಮೇ ೮, ಮಂಗಳವಾರ

ನನ್ನ ಲಿಫ್ಟ್‌ರಾಯ (ಲಿಫ್ಟ್ ರಿಪೇರಿ ಮಾಡುವ ಗಂಡನಿಗೆ ಬೇರೆ ಯಾವ ಹೆಸರು ಇಡಲಿ?) ಇವತ್ತು ಕ್ಲಿನಿಕ್ಕಿನ ಬಾಗಿಲಿಗೇ ಬಂದು ಕರೆದುಕೊಂಡು ಬಂದ. ದಾರಿಯುದ್ದಕ್ಕೂ ಕೈ ಹಿಡಿದಿದ್ದ. ಅವನ ಕೈಗೆ ಗ್ರೀಸಿನ ವಾಸನೆ. ಲೋಕದಲ್ಲಿ ಅದಕ್ಕಿಂತ ಒಳ್ಳೆಯ ವಾಸನೆ ಇದೆಯೇ!

ಮನೆಗೆ ಬಂದರೆ ಎಂಟು ಗಂಟೆಗೇ ತೊಟ್ಟಿ ಕತ್ತಲು. ಮಧ್ಯಾಹ್ನ ಊಟಕ್ಕೆ ಬಂದಾಗ ಹನ್ನೆರಡಕ್ಕೆ ಸರಿಯಾಗಿ ದೀಪ ಹಾಕಿ ಹೋಗಿದ್ದೆ. ಒಂಬತ್ತರ ತನಕ ಉರಿಯಬೇಕು. ಯಾರು ಆರಿಸಿದರು? ಮನೆಯಲ್ಲಿದ್ದವರು ಒಬ್ಬರೇ. ಅವನ ತಾಯಿ.

ಮತ್ತೆ ಹಾಕಿದೆ.

ಮೇ ೧೧, ಶುಕ್ರವಾರ

ಮೂರನೇ ಸಲ! ಇವತ್ತು ಕೇಳಿಯೇ ಬಿಟ್ಟೆ.

"ಅತ್ತೆ, ತೊಟ್ಟಿ ದೀಪ ಆರಿಸಿದ್ದು ನೀವಾ?"

"ಹೂಂ. ಅಷ್ಟೊತ್ತು ಯಾಕಮ್ಮ ಅದು? ಅವರು ಇಷ್ಟು ಹೊತ್ತು ಬಿಡ್ತಿರ್ಲಿಲ್ಲ."

"ಪುಸ್ತಕದಲ್ಲಿ ಮಾವನೇ ಬರ್ದಿದಾರೆ. ಒಂಬತ್ತು ಗಂಟೆ. ತಂದು ತೋರಿಸ್ಲಾ?"

ಪುಸ್ತಕ ಅಂದ ಕೂಡಲೇ ಅವರ ಮುಖ ಒಂಥರಾ ಆಯಿತು. "ಬೇಡ. ಅವರೇ ಬರ್ದಿದ್ರೆ ಸರಿ ಬಿಡು" ಎಂದು ಒಳಗೆ ಹೋದರು.

ತಪ್ಪು ಸಿಕ್ಕಿಬಿದ್ದವರು ಹಾಗೇ ಹೋಗುವುದು. ನಾನು ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ "ಮುಟ್ಟಬಾರದು" ಎಂದು ಬರೆದೆ. ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಕೋಣೆಯ ಬಾಗಿಲಿಗೂ ನಾನೇ ಹಾಗೆ ಬರೆದಿದ್ದೇನೆ. ಅಲ್ಲಿ ಯಾರೂ ಮುಟ್ಟುವುದಿಲ್ಲ.

ಮೇ ೧೯, ಬುಧವಾರ

ಈಗ ಗಾಜು ಮಾತ್ರವಲ್ಲ, ಗಿಡ! ಹನ್ನೊಂದು ವರ್ಷದ ಗಿಡದ ಎಲೆ ಎಲೆಗೂ ಕಪ್ಪು ಕೂದಲು ಹುಟ್ಟಿದೆ. ಎಳೆದರೆ ಎಲೆಯೇ ಕಿತ್ತು ಬರುತ್ತದೆ, ಕೂದಲು ಬರುವುದಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಂದು ಗಂಟೆ ತಿಕ್ಕಿದೆ. ಡಾಕ್ಟರು ಬಿಸಾಡಲು ಕೊಟ್ಟ, ಹಲ್ಲು ಕೆರೆಯುವ ಕೊಕ್ಕೆಯಿಂದ ಕಲ್ಲುಗಳನ್ನು ಒಂದೊಂದಾಗಿ ಕೆರೆದೆ. ಬೆರಳೆಲ್ಲ ಸುಕ್ಕು, ಸೊಂಟ ನೋವು, ತಲೆಗೆಲ್ಲ ಕೆಸರಿನ ವಾಸನೆ. ಮುದುಕಿ ಮೂಲೆಯಲ್ಲಿ ನಿಂತು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು, ನಾನೇ ಪಾಚಿ ಎನ್ನುವಂತೆ.

ಲಿಫ್ಟ್‌ರಾಯ ಮಾವನನ್ನು ನೋಡಿ ಬಂದ. ಇಪ್ಪತ್ತು ಹೆಜ್ಜೆ ನಡೆದರಂತೆ. ಕೇಳಿದ್ದು ಒಂದೇ ಮಾತಂತೆ, "ಮುದುಕಿ ಹೇಗಿದೆ?"

"ನೀನೇನಂದೆ?"

"ಸೂಪರ್ ಆಗಿದೆ ಅಂದೆ."

"ಸುಳ್ಳು ಹೇಳಿದೆಯಾ?"

"ಮತ್ತೇನು, ನಿಮ್ಮ ಮೀನಿಗೆ ಸೊಸೆ ಹಸಿರು ಕಂಬಳಿ ಹೊದಿಸಿದಾಳೆ ಅನ್ಲಾ?"

ನಗು ಬರಲಿಲ್ಲ. ಅವನಿಗೆ ಮಾತ್ರ ಬಂತು.

ಮೇ ೨೭, ಭಾನುವಾರ

ಇವನ ಜೊತೆ ಮೊದಲ ಜಗಳ. ಬರೆದಿಡಬೇಕು.

ನಾನು ಮೊಣಕೈ ತನಕ ನೀರಿನಲ್ಲಿದ್ದೆ. ಅವನು ಸೋಫಾದ ಮೇಲೆ ಮಲಗಿ ಫೋನ್ ನೋಡುತ್ತಿದ್ದ. ಪೈಪ್ ಹಿಡಿದುಕೋ ಎಂದರೆ "ಒಂದ್ನಿಮಿಷ" ಅಂದ. ಪೈಪ್ ಜಾರಿ ಅರ್ಧ ಬಕೆಟ್ ನೀರು ಕಾರ್ಪೆಟ್ಟಿನ ಮೇಲೆ.

"ನಿಮ್ಮಪ್ಪನ ತೊಟ್ಟಿ ಕಣೋ ಇದು!"

"ಅಪ್ಪ ಕೊಟ್ಟಿದ್ದು ನಿಂಗೆ. ಅವತ್ತು ಎಷ್ಟು ಜಂಬ ಪಟ್ಕೊಂಡೆ! ನಂಗೆ ಇದರಲ್ಲಿ ಏನೂ ಗೊತ್ತಾಗಲ್ಲಪ್ಪ."

"ಹತ್ತನೇ ಮಹಡಿಯಲ್ಲಿ ಸಿಕ್ಕಿಕೊಂಡ ಲಿಫ್ಟ್ ಇಳಿಸೋಕೆ ಗೊತ್ತಾಗತ್ತೆ, ಪೈಪ್ ಹಿಡ್ಕೊಳೋಕೆ ಗೊತ್ತಾಗಲ್ವಾ?"

ಅವನು ಬಾಗಿಲು ದಡಾರನೆ ಹಾಕಿಕೊಂಡು ಹೋದ. ಕಾರ್ಪೆಟ್ ಹಿಂಡಲು ಒಬ್ಬಳಿಗೆ ಆಗುವುದಿಲ್ಲ. ಇನ್ನೊಂದು ತುದಿ ಹಿಡಿದವರು ಅತ್ತೆ. ಅವರ ಹಿಡಿತ ಎಷ್ಟು ಗಟ್ಟಿ ಎಂದರೆ ನಾನೇ ಎರಡು ಸಲ ಮುಗ್ಗರಿಸಿದೆ.

ಜೂನ್ ೬, ಶನಿವಾರ

ಗೊತ್ತಾಯಿತು! ಊಟ ಹೆಚ್ಚಾದರೆ ಪಾಚಿ ಬರುತ್ತದಂತೆ. ಮೊನ್ನೆ ಮೀನಂಗಡಿಯವನು ಹೇಳಿದ. ನಾನು ಲೆಕ್ಕಕ್ಕೆ ಸರಿಯಾಗಿ ಒಂಬತ್ತು ಕಾಳು ಹಾಕುತ್ತೇನೆ. ಹಾಗಾದರೆ ಹಗಲೆಲ್ಲ ಮನೆಯಲ್ಲಿರುವವರು ಯಾರು? ಮೀನು ಪಾಪ ಹಸಿದಿದೆ ಎಂದು ಚಿಟಿಕೆ ಚಿಟಿಕೆ ಹಾಕುವವರು ಯಾರು?

"ಅತ್ತೆ, ಮೀನಿಗೆ ನೀವೇನಾದ್ರೂ ಹಾಕ್ತಿದೀರಾ?"

"ನಾನಾ? ನಾನು ಅದರ ಹತ್ರಾನೇ ಹೋಗಲ್ಲ."

"ಮತ್ತೆ ಕಾಳಿನ ಡಬ್ಬಿ ಇಷ್ಟು ಬೇಗ ಖಾಲಿ ಹೇಗಾಯ್ತು?"

"ನಾನೇ ತಿಂದೆ, ಸಂಜೆ ಕಾಫಿ ಜೊತೆ" ಅಂದರು.

ಹೀಗೆ ಮಾತಾಡಿದರೆ ಕೋಪ ಬರದೆ ಇರುತ್ತದೆಯೇ! ಡಬ್ಬಿಯನ್ನು ನನ್ನ ಬಟ್ಟೆ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಈಗ ನನ್ನ ಬಟ್ಟೆಗೆಲ್ಲ ಮೀನಿನ ಊಟದ ವಾಸನೆ. ಇವತ್ತು ಒಬ್ಬ ರೋಗಿ ಬಾಯಿ ತೆರೆದವನೇ ಮೂಗು ಸಿಂಡರಿಸಿದ.

ಜೂನ್ ೧೯, ಶನಿವಾರ

ಇದನ್ನೂ ಬರೆಯುತ್ತೇನೆ.

ನಿನ್ನೆ ಅಂಗಡಿಯವನ ಹತ್ತಿರ ಪಾಚಿ ಕೊಲ್ಲುವ ಔಷಧಿ ತಂದೆ. "ಒಂದು ಮುಚ್ಚಳ ಸಾಕು ಮೇಡಂ, ಜಾಸ್ತಿ ಮಾಡ್ಬೇಡಿ" ಅಂದಿದ್ದ. ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಡುವಾಗ ಆ ಕಪ್ಪು ಕೂದಲನ್ನು ನೋಡಿ ತಲೆ ಕೆಟ್ಟು ಮೂರು ಮುಚ್ಚಳ ಸುರಿದೆ. ಸಾಯಿ, ಸಾಯಿ ಎನ್ನುತ್ತಲೇ ಸುರಿದೆ. ಪಾಚಿಗೆ ಅಂದದ್ದು.

ಮಧ್ಯಾಹ್ನ ಬಂದರೆ ಮನೆಯೆಲ್ಲ ನೀರು. ತೊಟ್ಟಿ ಅರ್ಧ ಖಾಲಿ. ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು, ಸೀರೆ ಒದ್ದೆ, ಪಕ್ಕದಲ್ಲಿ ಅಡುಗೆಯ ದೊಡ್ಡ ಪಾತ್ರೆ. ಬದಲಾಯಿಸಲು ಎಂದು ನಾನು ಎತ್ತಿಟ್ಟಿದ್ದ ನಾಲ್ಕು ಬಕೆಟ್ ನೀರೂ ಮುಗಿದಿತ್ತು.

"ಯಾರು ನಿಮಗೆ ಮುಟ್ಟೋಕೆ ಹೇಳಿದ್ದು?" ಎಂದು ಕಿರುಚಿದೆ. ಹೌದು, ಕಿರುಚಿದೆ.

"ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿತ್ತು."

ಅಷ್ಟೇ ಹೇಳಿದ್ದು. ಎರಡು ಪಟ್ಟೆಮೀನು ಸತ್ತಿದ್ದವು. ಒಂದು ಕಾಗದದ ಮೇಲೆ ಸಾಲಾಗಿ ಇಟ್ಟಿದ್ದರು. ಮುದುಕಿ ತಳದಲ್ಲಿ ಒಂದು ಕಡೆ ವಾಲಿಕೊಂಡು ನಿಂತಿತ್ತು. ಉಸಿರಿದೆ.

ನೀರು ಮುಟ್ಟಲು ಅವರು ನನ್ನನ್ನು ಕೇಳಬೇಕಿತ್ತು. ಫೋನ್ ಮಾಡಬಹುದಿತ್ತು. ನಾನು ಕ್ಷಮೆ ಕೇಳುವುದಿಲ್ಲ. ನೆಲ ಒರೆಸಿದೆ, ಸಾಕು.

ಜೂನ್ ೧೭, ಭಾನುವಾರ

ಅತ್ತೆಯ ಮಂಡಿ ಊದಿಕೊಂಡಿದೆ. ಮೂರು ಗಂಟೆ ಬಗ್ಗಿ ಎದ್ದು ನೀರು ಮೊಗೆದರೆ ಇನ್ನೇನಾಗುತ್ತದೆ! ಐಸ್ ಕಟ್ಟಿದೆ. ಬೇಡ ಬೇಡ ಎಂದರು, ಕಾಲು ಮಾತ್ರ ಎಳೆದುಕೊಳ್ಳಲಿಲ್ಲ.

ಮುದುಕಿ ಇನ್ನೂ ತಳದಲ್ಲೇ. ಇಬ್ಬರೂ ತೊಟ್ಟಿಯ ಮುಂದೆ ಕೂತಿದ್ದೆವು.

"ತೊಟ್ಟಿ ಬಂದು ಇಪ್ಪತ್ತು ವರ್ಷ ಆಯ್ತು" ಎಂದರು ಅತ್ತೆ. "ಆ ನೀರಿಗೆ ನಾನು ಕೈ ಹಾಕಿದ್ದು ನಿನ್ನೆ ಮೊದಲ ಸಲ. ಬೆಚ್ಚಗಿರತ್ತೆ ಅಂತ ಗೊತ್ತೇ ಇರ್ಲಿಲ್ಲ."

ಐಸ್ ಬದಲಾಯಿಸಿದೆ.

ಜೂನ್ ೨೨, ಶುಕ್ರವಾರ

ಕೇಂದ್ರದಿಂದ ಫೋನ್ ಬಂತು. ಮಾವ ಊರುಗೋಲಿನಲ್ಲಿ ಚೆನ್ನಾಗಿ ನಡೆಯುತ್ತಿದ್ದಾರೆ, ಇಪ್ಪತ್ತಾರನೇ ತಾರೀಖು ಬೆಳಿಗ್ಗೆ ಬಂದು ಕರೆದುಕೊಂಡು ಹೋಗಿ ಎಂದರು. ಖುಷಿಗೆ ಕುಣಿಯಬೇಕು ಅನ್ನಿಸಿತು. ಮರುಕ್ಷಣವೇ ತೊಟ್ಟಿಯ ಕಡೆ ನೋಡಿದೆ. ಮುದುಕಿ ಬದುಕಿದೆ, ಆದರೆ ಕಾಳು ಮೂಸಿ ನೋಡಿ ಬಿಡುತ್ತಿದೆ. ಪಾಚಿ ಅಷ್ಟೇ ಗಟ್ಟಿಯಾಗಿದೆ. ಔಷಧಿಗೂ ಬಗ್ಗಲಿಲ್ಲ.

ಗಂಡ ಬೇರೆ ಊರಿನಲ್ಲಿ ಯಾವುದೋ ದೊಡ್ಡ ಕಟ್ಟಡದ ಲಿಫ್ಟುಗಳಿಗೆ ಜೋತುಬಿದ್ದಿದ್ದಾನೆ, ತಿಂಗಳ ಕೊನೆಗೇ ಬರುವುದು. ಅತ್ತೆ ಸ್ನಾನಕ್ಕೆ ಹೋಗಿದ್ದರು. ನನಗೂ ಕ್ಲಿನಿಕ್ಕಿಗೆ ಹೊತ್ತಾಗಿತ್ತು. ಅಡುಗೆಮನೆಯ ಕರಿಹಲಗೆಯ ಮೇಲೆ ದೊಡ್ಡದಾಗಿ "ಮಾವ ಮನೆಗೆ ೨೯" ಎಂದು ಬರೆದು ಹೋದೆ. ಸಂಜೆ ಬಂದಾಗ ಅದರ ಪಕ್ಕದಲ್ಲಿ ಅತ್ತೆ ಒಂದು ಗುರುತು ಹಾಕಿದ್ದರು, ನೋಡಿದೆ ಎನ್ನುವ ಹಾಗೆ.

ಜೂನ್ ೨೬, ಮಂಗಳವಾರ

ಇದು ಇಪ್ಪತ್ತಾರು. ಬಾಲ ಕೆಳಗೆ. ನೂರು ಸಲ ನೋಡಿ ಬರೆದಿದ್ದೇನೆ.

ಬೆಳಿಗ್ಗೆ ಎಂಟಕ್ಕೆ ನಾನು ತಯಾರಾಗಿ ಕಾರು ಹೇಳಿ ಬಂದರೆ ಅತ್ತೆ ಹಳೇ ಸೀರೆಯಲ್ಲಿ ಬೀನ್ಸ್ ಬಿಡಿಸುತ್ತಾ ಕೂತಿದ್ದರು.

"ಅತ್ತೆ! ಇನ್ನೂ ರೆಡಿ ಆಗಿಲ್ವಾ?"

"ಎಲ್ಲಿಗೆ?"

"ಎಲ್ಲಿಗೇನು ಎಲ್ಲಿಗೆ! ಮಾವನ್ನ ಕರ್ಕೊಂಡು ಬರೋದು ಬೇಡ್ವಾ?"

"ಅದಕ್ಕಿನ್ನೂ ಮೂರು ದಿನ ಇದೆಯಲ್ಲಮ್ಮ."

ನನಗೆ ಎಲ್ಲಿತ್ತೋ ಕೋಪ! ಬೇಕೆಂದೇ ಹೀಗೆ ಮಾಡುತ್ತಿದ್ದಾರೆ ಎನ್ನಿಸಿತು. ಹಲಗೆಯ ಮುಂದೆ ನಿಂತು ಬೆರಳಿಂದ ಬಡಿದೆ. "ಇಷ್ಟು ದೊಡ್ಡದಾಗಿ ಬರ್ದಿದೀನಿ, ಇಪ್ಪತ್ತಾರು ಅಂತ! ಕಣ್ಣು ಸರಿ ಇದೆ ತಾನೆ?"

"ನನ್ನ ಕಣ್ಣಿಗೇನಾಗಿದೆ? ಇಪ್ಪತ್ತೊಂಬತ್ತು ಅಂತಿದೆ, ಎಮ್ಮೆಯಷ್ಟು ದೊಡ್ಡದಾಗಿ."

"ಬಾಲ ಮೇಲಿದೆ ನೋಡಿ! ಬಾಲ ಮೇಲಿದ್ರೆ ಆರು!"

"ಯಾವ ಬಾಲ? ಯಾವ ಶಾಲೇಲಿ ಹೇಳಿಕೊಟ್ರು ನಿಂಗೆ ಈ ಬಾಲದ ಲೆಕ್ಕಾನ?"

ಅತ್ತೆ ಎದ್ದು ಬಂದು, ಸೀಮೆಸುಣ್ಣ ತೆಗೆದುಕೊಂಡು, ಒಂದರಿಂದ ಹತ್ತರ ತನಕ ಸಾಲಾಗಿ ಬರೆದರು. ಐದಾದ ಮೇಲೆ ಬಂದದ್ದರ ಬಾಲ ಕೆಳಗಿತ್ತು.

ನಾನು ಓಡಿಹೋಗಿ ಮಾವನ ಪುಸ್ತಕ ತಂದೆ. ದೀಪದ ಸಾಲಿನ ಮೇಲೆ ಬೆರಳಿಟ್ಟೆ. "ಇದೇನು?"

"ಆರು."

ಕಾಳಿನ ಸಾಲು. "ಇದು?"

"ಆರು."

ನೀರಿನ ಸಾಲು.

"ಅದೂ ಆರೇ ಕಣಮ್ಮ."

ಕೂತುಬಿಟ್ಟೆ. ಎರಡು ತಿಂಗಳು. ಬೆಳಕು ಹೆಚ್ಚು, ಊಟ ಹೆಚ್ಚು, ಹೊಸ ನೀರು ಕಡಿಮೆ. ಪಾಚಿಯನ್ನು ಯಾರೂ ತಂದಿರಲಿಲ್ಲ. ನಾನೇ ಕೂರಿಸಿ ಸಾಕಿದ್ದೆ. ಆದರೂ ನನ್ನ ಬಾಯಿಂದ ಬಂದದ್ದು ಏನು? "ಗೊತ್ತಿದ್ದೂ ನೀವ್ಯಾಕೆ ಹೇಳಲಿಲ್ಲ?" ಎಂದು ಅವರ ಮೇಲೇ ರೇಗಿದೆ.

ಆಗ ಅತ್ತೆಗೆ ಕೋಪ ಬಂತು. ಈ ಮನೆಗೆ ಬಂದ ಮೇಲೆ ಮೊದಲ ಸಲ ನೋಡಿದೆ. ದನಿ ಏರಲಿಲ್ಲ, ಕೈಯಲ್ಲಿದ್ದ ಸೀಮೆಸುಣ್ಣ ಮಾತ್ರ ಎರಡು ತುಂಡಾಯಿತು.

"ಸಂಜೆ ಆರಾದ್ರೆ ಅವರು ಎದ್ದು ಹೋಗಿ ದೀಪ ಆರಿಸೋದನ್ನ ಕಂಡಿದ್ದೆ. ಅದಕ್ಕೇ ಆರಿಸ್ದೆ. ನೀನು ಟೇಪ್ ಅಂಟಿಸಿದೆ. ಪುಸ್ತಕದಲ್ಲಿದೆ ಅಂದೆ. ಆ ಪುಸ್ತಕ ಇಪ್ಪತ್ತು ವರ್ಷ ಅವರ ದಿಂಬಿನ ಪಕ್ಕ ಇತ್ತು, ಒಂದು ದಿನ ನನ್ನ ಕೈಗೆ ಕೊಟ್ಟವರಲ್ಲ. ನಿನ್ನೆ ಮೊನ್ನೆ ಬಂದ ನಿನ್ನ ಕೈಗೆ ಕೊಟ್ಟು ಹೋದ್ರು. ನಾನು ಹೋಗಿ ಇಣುಕಿ ನೋಡ್ಬೇಕಾಗಿತ್ತಾ?"

ಕೆಳಗೆ ಕಾರು ಹಾರ್ನ್ ಹೊಡೆಯಿತು. ಅತ್ತೆ ಐದೇ ನಿಮಿಷದಲ್ಲಿ ಸೀರೆ ಬದಲಾಯಿಸಿ ಬಂದರು. ಕಾರಿನಲ್ಲಿ ನಾನು "ತಪ್ಪಾಯ್ತು ಅತ್ತೆ" ಎಂದೆ. "ಯಾವುದಕ್ಕೆ?" ಎಂದು ಕೇಳಿದರು. ಪಟ್ಟಿ ಮಾಡಲು ಹೊರಟೆ: ಟೇಪ್, ಡಬ್ಬಿ, ಕಿರುಚಿದ್ದು... "ಆರಾಯ್ತಾ, ಒಂಬತ್ತಾಯ್ತಾ?" ಎಂದರು, ಕಿಟಕಿಯ ಹೊರಗೆ ನೋಡುತ್ತಲೇ.

ಮಾವ ಮನೆಗೆ ಬಂದವರು ಚಪ್ಪಲಿ ಕಳಚುವ ಮೊದಲೇ ತೊಟ್ಟಿಯ ಮುಂದೆ ನಿಂತರು. ಊರುಗೋಲಿನ ಮೇಲೆ ಬಾಗಿ ತುಂಬಾ ಹೊತ್ತು ನೋಡಿದರು. ಮುದುಕಿ ಮೆಲ್ಲಗೆ ಎದ್ದು ಗಾಜಿನ ಹತ್ತಿರ ಬಂತು. ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ, ಬಾಲ, ಔಷಧಿ, ಸತ್ತ ಎರಡು ಮೀನು. ಅತ್ತೆ ನೀರು ಮೊಗೆದು ಮುದುಕಿಯನ್ನು ಉಳಿಸಿದ್ದನ್ನೂ ಹೇಳಿದೆ.

ಮಾವ ಬೈಯಲಿಲ್ಲ. ನಕ್ಕುಬಿಟ್ಟರು. "ಪ್ರೆಸ್ಸಿಗೆ ಹೊಸಬರು ಬಂದಾಗ್ಲೂ ಇದೇ ಪಾಡು. ಒಂದ್ಸಲ ಇಡೀ ಪುಸ್ತಕದಲ್ಲಿ ಅರವತ್ತರ ಸಾಲಿನ ಪುಟ ಎಲ್ಲ ತೊಂಬತ್ತಾಗಿತ್ತು!"

ಆ ನಗುವಿಗೆ ನನ್ನ ಕೋಪ ಇಳಿಯಬೇಕಿತ್ತು. ಏರಿತು.

"ಮಾವ, ಪುಸ್ತಕ ನಂಗ್ಯಾಕೆ ಕೊಟ್ರಿ? ಅತ್ತೆಗೆ ಕೊಟ್ಟಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ."

"ಅವಳಿಗೆ ಇದರಲ್ಲೆಲ್ಲ ಆಸಕ್ತಿ ಇಲ್ಲಮ್ಮ."

"ಕೇಳಿದೀರಾ?"

ಅತ್ತೆ ಒಳಗಿಂದ ನೀರಿನ ಲೋಟ ತಂದು ಅವರ ಮುಂದಿಟ್ಟರು. ಸ್ವಲ್ಪ ಜೋರಾಗಿಯೇ ಇಟ್ಟರು. ಮಾವ ಲೋಟ ನೋಡಿದರು, ಅತ್ತೆಯನ್ನು ನೋಡಿದರು. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಲೋಟದ ಪಕ್ಕದಲ್ಲಿಟ್ಟು, ಅತ್ತೆಯ ಕಡೆಗೆ ಸರಿಸಿದರು. ಅತ್ತೆ ಅದನ್ನು ಮುಟ್ಟದೆ ಅಡುಗೆಮನೆಗೆ ಹೋದರು.

ನಾನು ಸ್ವಿಚ್ಚಿನ ಟೇಪ್ ಕಿತ್ತೆ. ಅಂಟು ಹೋಗಿಲ್ಲ. ಉಗುರಿನಿಂದ ಕೆರೆಯಬೇಕು.

ಜೂನ್ ೨೯, ಶುಕ್ರವಾರ

ಕ್ಲಿನಿಕ್ಕಿನಿಂದ ಎಂಟಕ್ಕೆ ಬಂದೆ. ತೊಟ್ಟಿ ಕತ್ತಲು. ಇವತ್ತು ಅದನ್ನು ನೋಡಿ ಚೀಲ ಕೆಳಗಿಟ್ಟು ಸುಮ್ಮನೆ ಕೂತೆ. ಪಾಚಿ ಹೋಗಿಲ್ಲ. ಹೋಗಲು ಇನ್ನೂ ಎಷ್ಟು ವಾರ ಬೇಕೋ. ನಮ್ಮ ಗಿಡಕ್ಕೆ ಉಳಿದಿರುವುದು ಮೂರೇ ಎಲೆ. ಗಂಡ ಫೋನಿನಲ್ಲಿ "ಬಂದ್ಮೇಲೆ ಪೈಪ್ ಹಿಡ್ಕೊತೀನಿ ಕಣೇ" ಅಂದ. "ಹಿಡ್ಕೊಳೋದಲ್ಲ, ಭಾನುವಾರದ ನೀರು ಪೂರ್ತಿ ನಿಂದು. ಒಂದ್ನಿಮಿಷ ಅಂದ್ರೆ ಪೈಪ್ ನಿನ್ನ ಸೋಫಾ ಮೇಲೆ" ಎಂದೆ. ಅವನು ಸರಿ ಅಂದ.

ಮಾವ ಮಲಗಿದ್ದರು. ತೊಟ್ಟಿಯ ಪಕ್ಕ ಆ ಪುಸ್ತಕ, ನಡುವೆ ಪೆನ್ಸಿಲ್ ಸಿಕ್ಕಿಸಿ ಇಟ್ಟಿತ್ತು. ತೆರೆದೆ. ಮಾವನ ಅಚ್ಚಿನಂಥ ಅಕ್ಷರ ಮುಗಿದ ಕಡೆ ಹೊಸ ಪುಟ, ದುಂಡಗಿನ ಬೇರೆ ಕೈಬರಹ:

"ನೀರು ೬ ಪಾತ್ರೆ ತೆಗೆದೆ, ೬ ಪಾತ್ರೆ ಹಾಕಿದೆ. ಕಾಳು ೬, ಮುದುಕಿ ಎಲ್ಲಾ ತಿಂದಳು. ದೀಪ ೬ಕ್ಕೆ ಆರಿಸಿದೆ. ಸೊಸೆಯ ಗಮನಕ್ಕೆ: ಮೇಲಿನವೆಲ್ಲ ಆರು."

ಎಷ್ಟು ಕೊಬ್ಬು ಈ ಅತ್ತೆಗೆ! ಪೆನ್ಸಿಲ್ ತೆಗೆದುಕೊಂಡು ಅದರ ಕೆಳಗೇ ಬರೆದೆ:

"ಓದಿದೆ. ಜೂನ್ ೨೯. ಅತ್ತೆಯ ಗಮನಕ್ಕೆ: ಇದು ಒಂಬತ್ತು."